‘ಉಸಿರೆಳೆಯುವ ಬಲ’ ಅನ್ನಬಹುದೇ?

ಮೈಸೂರಿನ ಒಂದು ಸ್ಲೀಪ್ ಲ್ಯಾಬಿಗೆ (ರಾತ್ರಿ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ಪರೀಕ್ಷಿಸುವ ಜಾಗ) ಕನ್ನಡದಲ್ಲಿ ಮಾಹಿತಿ ಹಾಳೆ ಬರೆಯುತ್ತಿದ್ದೇನೆ. ಓದುವವರಲ್ಲಿ ಮಂಡ್ಯ, ಮದ್ದೂರು, ಕೆ.ಆರ್. ಪೇಟೆ ಕಡೆಯವರೇ ಜಾಸ್ತಿ. ಎರಡು ಮಾತಿಗೆ ಸರಿಯಾದ ಕನ್ನಡ ಬೇಕಾಗಿದೆ: ರೆಸ್ಪಿರೇಟರಿ ಎಫರ್ಟ್ (ಉಸಿರೆಳೆಯಲು ಮೈ ಪಡುವ ದುಡಿಮೆ), ಕ್ಯಾಲಿಬ್ರೇಷನ್ (ಅಳೆಯುವ ಸಾಧನವನ್ನು ಸರಿಯಾಗಿ ಹೊಂದಿಸುವುದು).

ಮೊದಲನೆಯದೇ ಕಷ್ಟ. ಹಳೆಯ ಹಾಳೆಯಲ್ಲಿ ‘ಉಸಿರಾಟದ ಶ್ರಮ’ ಅಂತಿದೆ. ಓದಿದವರು ಉಬ್ಬಸ ಅಂದುಕೊಂಡು ‘ನಂಗೆ ಅಂಥದ್ದೇನೂ ಇಲ್ಲ’ ಅನ್ನುತ್ತಾರೆ. ಆದರೆ ಗಾಳಿ ಒಳಗೆ ಹೋಗುವುದು ಒಂದು, ಅದನ್ನು ಎಳೆದುಕೊಳ್ಳಲು ಎದೆ, ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ದುಡಿಯುವುದು ಇನ್ನೊಂದು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡಾಗ ಗಾಳಿ ನಿಲ್ಲುತ್ತದೆ, ದುಡಿಮೆ ನಿಲ್ಲುವುದಿಲ್ಲ. ಕೊಳವೆ ಕಟ್ಟಿಕೊಂಡರೂ ತಿದಿ ಒತ್ತುತ್ತಲೇ ಇರುವ ಹಾಗೆ. ಉಸಿರು ನಿಲ್ಲುವ ಇನ್ನೊಂದು ಬಗೆಯಲ್ಲಿ ಮಿದುಳಿನಿಂದ ಅಪ್ಪಣೆಯೇ ಬರುವುದಿಲ್ಲ, ಎದೆ ಹೊಟ್ಟೆ ಎರಡೂ ಸುಮ್ನೆ ಇರುತ್ತವೆ. ಎರಡರಲ್ಲೂ ಉಸಿರು 10 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ನಿಂತಿರುತ್ತದೆ, ಮೂಗಿನ ಹತ್ತಿರದ ಸೆನ್ಸರ್ ಒಂದನ್ನೇ ನಂಬಿದರೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಎದೆಗೂ ಹೊಟ್ಟೆಗೂ ಕಟ್ಟುವ ಪಟ್ಟಿಗಳೂ ಬೇಕು. ಚಿಕಿತ್ಸೆಯ ದಾರಿ ಇದರ ಮೇಲೆ ನಿಂತಿದೆ, ಹಾಗಾಗಿ ಪದದಲ್ಲೂ ಇದು ಉಳಿಯಬೇಕು ಅನ್ನುವುದು ನನ್ನ ಹಟ.

‘ಹೆಣಗಾಟ’ ಚೆನ್ನಾಗಿದೆ. ಆದರೆ ಆರೋಗ್ಯವಂತರ ಪ್ರತಿ ಉಸಿರಿನ ಹಿಂದೆಯೂ ಈ ದುಡಿಮೆ ಇದೆ, ಅವರೇನೂ ಹೆಣಗುತ್ತಿಲ್ಲ ಅಲ್ವಾ? ಸದ್ಯಕ್ಕೆ ನನಗೆ ಹಿಡಿಸಿರುವುದು ‘ಉಸಿರೆಳೆಯುವ ಬಲ’. ‘ಗಾಳಿ ಹೋಗ್ತಿಲ್ಲ, ಎಳೆಯುವ ಬಲ ಇದೆ’ ಅಂದರೆ ಯಾರಿಗಾದರೂ ತಿಳಿಯುತ್ತದೆ. ಒಂದು ತಕರಾರು ಇದೆ. ಬಲವನ್ನು ಹೆಚ್ಚು ನೇರವಾಗಿ ತೋರಿಸುವುದು ಅನ್ನನಾಳಕ್ಕೆ ಇಳಿಸುವ ಒತ್ತಡದ ಕೊಳವೆ. ಪಟ್ಟಿಗೆ ಸಿಗುವುದು ಎದೆ ಹೊಟ್ಟೆ ಹಿಗ್ಗಿ ಕುಗ್ಗುವುದಷ್ಟೇ.

ಕ್ಯಾಲಿಬ್ರೇಷನ್‌ಗೆ ‘ಮಾಪನಾಂಕ ನಿರ್ಣಯ’ ಬಳಕೆಯಲ್ಲಿದೆ. ತಕ್ಕಡಿಗೆ ಅದು ಸರಿ, ಗೊತ್ತಿರುವ ತೂಕ ಇಟ್ಟು ತಾಳೆ ನೋಡಬಹುದು. ಪಟ್ಟಿಯನ್ನು ಒಬ್ಬೊಬ್ಬರ ಮೈಗೂ ಹೊಸದಾಗಿ ಹೊಂದಿಸಬೇಕು. ಒಂದು ವಿಧಾನದಲ್ಲಿ ಬಾಯಿ ಮೂಗು ಮುಚ್ಚಿಸಿ, ಉಸಿರು ಹಿಡಿದುಕೊಂಡೇ ಹೊಟ್ಟೆಯನ್ನು ಒಳಗೆ ಹೊರಗೆ ಆಡಿಸಲು ಹೇಳುತ್ತಾರೆ. ಗಾಳಿ ಬರುವುದೂ ಇಲ್ಲ, ಹೋಗುವುದೂ ಇಲ್ಲ, ಹಾಗಾಗಿ ಹೊಟ್ಟೆ ಕುಗ್ಗಿದಷ್ಟೂ ಎದೆ ಹಿಗ್ಗಬೇಕು. ಎರಡು ಪಟ್ಟಿಗಳ ಮೊತ್ತ ಸೊನ್ನೆಗೆ ಬರುವ ತನಕ ತಿದ್ದುತ್ತಾರೆ. ಇದಕ್ಕೆ ‘ಸರಿದೂಗಿಸುವುದು’ ಅಂತ ಬರೆದಿದ್ದೇನೆ. ರಾತ್ರಿ ಮಗ್ಗುಲು ಬದಲಾಗಿ ಪಟ್ಟಿ ಜಾರಿದರೆ ಈ ಲೆಕ್ಕವೂ ತಪ್ಪುತ್ತದೆ, ಅದಕ್ಕೇ ‘ನಿರ್ಣಯ’ ಅನ್ನಲು ಮನಸ್ಸಿಲ್ಲ.

ನನ್ನ ದೊಡ್ಡ ಅಳುಕು ‘ಉಸಿರೆಳೆ’ ಬಗ್ಗೆ. ‘ಕೊನೆಯುಸಿರೆಳೆದರು’ ಅನ್ನುವುದು ಎಲ್ಲರ ಕಿವಿಯಲ್ಲೂ ಇದೆ. ರಾತ್ರಿ ಪೂರ್ತಿ ‘ಉಸಿರೆಳೆಯುವುದನ್ನು ನೋಡುತ್ತೇವೆ’ ಅಂತ ಓದಿ ವಯಸ್ಸಾದವರು ಹೆದರಿಕೊಳ್ಳುತ್ತಾರಾ? ಮಂಡ್ಯ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ಹೇಳಿ. ಬೇರೆ ಮಾತು ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ, ಹಾಳೆ ಇನ್ನೂ ಅಚ್ಚಿಗೆ ಹೋಗಿಲ್ಲ.