ಬಿಸಿಯಾದ್ರೆ ನಿಂತೋಗೋ 1967ರ ಫೋರ್ಡ್ ಮಸ್ಟಾಂಗ್ ಕಾರು: ಯಾರಿಗಾದ್ರೂ ಅನುಭವ ಇದ್ಯಾ?

ಡೆಟ್ರಾಯ್ಟ್ ಹತ್ರ ಇದೀನಿ. ಹೋದ ತಿಂಗಳು ಹಳೇ ಮಸ್ಟಾಂಗ್ ತಗೊಂಡೆ, 289 ವಿ8 ಇಂಜಿನ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗತ್ತೆ, ಅರ್ಧ ಗಂಟೆ ಓಡಿಸಿದ್ಮೇಲೆ ಸಿಗ್ನಲ್‌ನಲ್ಲಿ ಆಫ್. ಇಪ್ಪತ್ತು ನಿಮಿಷ ಬಿಟ್ರೆ ಏನೂ ಆಗೇ ಇಲ್ಲ ಅನ್ನೋ ಥರ ಓಡತ್ತೆ. ಮೆಕ್ಯಾನಿಕ್ ಇಂಜಿನ್ ಇಳಿಸ್ಬೇಕು ಅಂತಿದಾನೆ. ಇಳಿಸ್ಲಾ?

*

ಇಳಿಸ್ಬೇಡಿ ಸರ್, ದಯವಿಟ್ಟು. ಒಹಾಯೋದಲ್ಲಿದ್ದಾಗ ನನ್ ಹತ್ರ 66ರದ್ದು ಇತ್ತು, ಅದೇ 289, ಇದೇ ರೋಗ. ಮೊದ್ಲು ಕಾರ್ಬ್ಯುರೇಟರ್ ಬಿಚ್ಚಿ ಕ್ಲೀನ್ ಮಾಡ್ದೆ, ಆಮೇಲೆ ಪೆಟ್ರೋಲ್ ಪಂಪ್ ಬದಲಾಯಿಸ್ದೆ, ದುಡ್ಡು ಹೋಯ್ತೇ ಹೊರತು ಗಾಡಿ ನಿಲ್ಲೋದು ನಿಲ್ಲಲಿಲ್ಲ. ಒಂದಿನ ಜುಲೈ ಬಿಸಿಲಲ್ಲಿ ರೋಡ್ ಪಕ್ಕ ಬಾನೆಟ್ ಎತ್ಕೊಂಡು ನಿಂತಿದ್ದಾಗ ಅಪ್ಪನ ಅಂಬಾಸಿಡರ್ ನೆನಪಾಯ್ತು, ಚಾರ್ಮಾಡಿ ಘಾಟಿ ಹತ್ತೋವಾಗ ಎಸಿ ಪಂಪ್ (ಇಂಜಿನ್‌ಗೆ ಪೆಟ್ರೋಲ್ ಎಳೆಯೋ ಪಂಪ್) ಕಾದು ಪೆಟ್ರೋಲ್ ಒಳಗೇ ಆವಿಯಾಗಿ ಗಾಡಿ ನಿಂತ್ರೆ ಅಪ್ಪ ಹಳೇ ಪಂಚೆ ಚೂರನ್ನ ನೀರಲ್ಲಿ ಅದ್ದಿ ಪಂಪ್‌ಗೆ ಸುತ್ತೋರು, ನಾವು ಮಕ್ಕಳು ಇಳಿದು ಚಕ್ರಕ್ಕೆ ಕಲ್ಲು ಕೊಡೋದು. ನಾನೂ ಟೀಶರ್ಟ್ ಒದ್ದೆ ಮಾಡಿ ಪಂಪ್ ಮೇಲಿಟ್ಟೆ. ಊಹೂಂ. ಇರ್ಲಿ ಅಂತ ಅದೇ ಬಟ್ಟೇನ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡೋದು) ಮೇಲೆ ಹಾಕ್ದೆ, ಅದು ಮುಟ್ಟೋಕಾಗದಷ್ಟು ಕಾದಿತ್ತು. ಐದು ನಿಮಿಷಕ್ಕೆ ಸ್ಟಾರ್ಟ್!

ಹೊಸ ಕಾಯಿಲ್ ಹಾಕ್ದೆ, ಮೂರೇ ವಾರಕ್ಕೆ ಅದೂ ಢಮಾರ್. ಆಮೇಲೆ ಗೊತ್ತಾಗಿದ್ದು, ಈ ಗಾಡೀಲಿ ಕೀಯಿಂದ ಕಾಯಿಲ್‌ಗೆ ಬರೋದು ಮಾಮೂಲಿ ವೈರ್ ಅಲ್ಲ, ರೆಸಿಸ್ಟರ್ ವೈರ್, ಇಂಜಿನ್ ಓಡ್ತಿರೋವಾಗ ಪೂರ್ತಿ 12 ವೋಲ್ಟ್ ಹೋಗಬಾರ್ದು ಅಂತಲೇ ಹಾಕಿರೋದು. ನನಗಿಂತ ಮುಂಚೆ ಇಟ್ಕೊಂಡಿದ್ದ ಪುಣ್ಯಾತ್ಮ ಅದನ್ನ ಬಿಟ್ಟು ನೇರವಾಗಿ ವೈರ್ ಎಳೆದಿದ್ದ. ಸಿಬಿ ಪಾಯಿಂಟೂ (ಕಾಯಿಲ್‌ಗೆ ಹೋಗೋ ಕರೆಂಟ್ ಕಡಿದು ಸ್ಪಾರ್ಕ್ ಬರಿಸೋ ಸ್ವಿಚ್) ಸುಟ್ಟು ಕರ್ರಗಾಗಿತ್ತು. ಅದನ್ನ ಸರಿ ಮಾಡಿದ್ಮೇಲೆ ಮಾರೋವರೆಗೂ ಸಿಗ್ನಲ್‌ನಲ್ಲಿ ಮಾನ ಕಳೀಲಿಲ್ಲ ಪುಣ್ಯಕ್ಕೆ.

ಮುಂದಿನ ಸಲ ನಿಂತಾಗ ತಣ್ಣಗಾಗೋ ಮುಂಚೆನೇ ನೋಡ್ಬೇಕು, ಆಮೇಲೆ ನೋಡಿದ್ರೆ ಎಲ್ಲಾ ಸರಿ ಇರತ್ತೆ. ಕೀ ಆಫ್ ಮಾಡಿ, ಏರ್ ಕ್ಲೀನರ್ ತೆಗೆದು ಆಕ್ಸಿಲರೇಟರ್ ಕೈಯಲ್ಲಿ ಎಳೀರಿ, ಒಳಗೆ ಪೆಟ್ರೋಲ್ ಪಿಚಕ್ ಅಂತ ಚಿಮ್ಮಿದ್ರೆ ಪಂಪ್ ಮೇಲೆ ಅನುಮಾನ ಬಿಡಿ, ಕಾಯಿಲ್ ಕಡೆ ಹೋಗಿ.

*

ನಂದು ಕೋಲಾರದ ಕಡೆ, ಗಾಡಿ ಕಾಂಟೆಸಾ, 1.8 ಇಸುಜು ಇಂಜಿನ್. ನಮ್ ಕಡೆ ಮಸಲ್ ಕಾರ್ ಅಂದ್ರೆ ಅದೇ ತಾನೇ 😄 ಬೋರ್‌ವೆಲ್ ನೀರು ಹಾಕೀ ಹಾಕೀ ರೇಡಿಯೇಟರ್ ಒಳಗೆಲ್ಲಾ ಸುಣ್ಣ ಕಟ್ಕೊಂಡಿತ್ತು, ತಪ್ಪು ನಂದೇ, ಟೆಂಪರೇಚರ್ ಮುಳ್ಳು ಮೇಲೇರಿದ್ರೂ ಇನ್ನೇನು ಊರು ಬಂತು ಅಂತ ಓಡಿಸ್ದೆ. ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಕೆಳಗಿನ ಸೀಲ್) ಹೋಗಿ ನೀರು ಆಯಿಲ್‌ಗೆ ಸೇರ್ಕೊಳ್ತು. ಡಿಪ್‌ಸ್ಟಿಕ್ ತೆಗೆದ್ರೆ ಆಯಿಲ್ ಹಾಲು ಜಾಸ್ತಿಯಾದ ಕಾಫಿ ಬಣ್ಣ. ನಿಮ್ದು ಹಾಗಿದ್ರೆ ಬೇರೆ ಮಾತು, ಹೆಡ್ ಬಿಚ್ಲೇಬೇಕು. ಇಲ್ಲಾಂದ್ರೆ ಮೇಲಿನವರು ಹೇಳಿದ್ದೇ ಸರಿ.

*

ಒಂದು ಸೇರಿಸ್ತೀನಿ. ಅಮೆರಿಕದ ಬಂಕ್‌ಗಳಲ್ಲಿ ಬಹುತೇಕ ಸಿಗೋದು 10% ಎಥೆನಾಲ್ ಬೆರೆಸಿದ ಪೆಟ್ರೋಲ್, ಅದು ಹಳೇ ಕಾಲದ ರಬ್ಬರ್ ಪೈಪ್ ತಿನ್ನತ್ತೆ. ನನ್ ಗಾಡೀಲಿ ಪೈಪ್ ಬಿರುಕು ಬಿಟ್ಟು ಬಿಸಿ ಮ್ಯಾನಿಫೋಲ್ಡ್ ಮೇಲೆ ತೊಟತೊಟ ಅಂತ ಬೀಳ್ತಿತ್ತು, ವಾಸನೆ ಬಂದಿದ್ದಕ್ಕೆ ಬಚಾವ್. ಪೈಪ್ ಎಲ್ಲಾ ಮೊದ್ಲು ಬದಲಾಯಿಸಿ. ಬೆಂಕಿ ಆರಿಸೋ ಸಿಲಿಂಡರ್ ಡಿಕ್ಕೀಲಿ ಇಡ್ಬೇಡಿ, ಸೀಟ್ ಪಕ್ಕ ಕೈಗೆ ಸಿಗೋ ಹಾಗೆ ಇಡಿ.