ಮುತ್ತಾತನ ರೇಟು

ಶೇಷಣ್ಣ ಬಂದವನೇ ಮೇಜಿನ ಮೇಲೆ ಫೈಲು ಕುಕ್ಕಿ, "ನನಗೆ ಬೈಟು ಸಾಕು. ಈ ತಿಂಗಳ ಪೆನ್ಷನ್ನೆಲ್ಲ ಮುತ್ತಾತನಿಗೇ ಹೋಯಿತು" ಅಂದ.

"ಯಾವ ಆಸ್ಪತ್ರೆ?" ಅಂದ ನಾಣಿ.

"ಸತ್ತು ತೊಂಬತ್ತು ವರ್ಷವಾಯಿತು ಕಣೋ. ನಾನು ವಂಶವೃಕ್ಷ ಮಾಡುತ್ತಿದ್ದೇನೆ."

ಮೇಷ್ಟ್ರು ಪೇಪರಿನ ಹಿಂದಿನಿಂದಲೇ ನಿಟ್ಟುಸಿರು ಬಿಟ್ಟರು. ಪಾಟೀಲರು ವಡೆ ಮುರಿಯುವುದನ್ನು ನಿಲ್ಲಿಸಲಿಲ್ಲ.

ಈ ಕಾಯಿಲೆ ಈಚೆಗೆ ಜೋರಾಗಿದೆ. ನಾಣಿ ಪ್ರಕಾರ ಅರವತ್ತು ದಾಟಿದವರಿಗೆ ಮೊದಲು ಸಿರಿಧಾನ್ಯ ಬಂತು, ಆಮೇಲೆ ತಾಮ್ರದ ಚೆಂಬಿನ ನೀರು ಬಂತು, ಈಗ ವಂಶವೃಕ್ಷ ಬಂದಿದೆ. ಮೊದಲೆರಡರಲ್ಲಿ ಹೊಟ್ಟೆಗಾದರೂ ಏನೋ ಬೀಳುತ್ತಿತ್ತು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವನು ಮೊಬೈಲ್ ತೆಗೆದು ತನ್ನ ಏಳನೇ ತಲೆಮಾರು ತೋರಿಸುತ್ತಾನೆ. ಆ ಏಳನೆಯವರು ಗ್ಯಾರಂಟಿ ದಿವಾನರ ಬಲಗೈ ಆಗಿರುತ್ತಾರೆ. ಯಾರ ಮನೆಯ ಹಿರಿಯನೂ ದಿವಾನರ ಕುದುರೆಗೆ ಹುಲ್ಲು ಹಾಕಿದವನಲ್ಲ. "ಹಾಗಾದರೆ ಆ ಕುದುರೆ ಉಪವಾಸ ಸತ್ತಿತಾ?" ಅಂತ ನಾಣಿ ಒಂದು ಸಲ ಕೇಳಿ, ಹೋಳಿಗೆ ಬರುವ ಮುಂಚೆ ಜಾಗ ಬದಲಾಯಿಸಬೇಕಾಯಿತು.

"ಎಲ್ಲಿ ಹೋಯಿತು ದುಡ್ಡು? ಲೆಕ್ಕ ಹೇಳು" ಅಂದರು ಮೇಷ್ಟ್ರು.

"ನಕಲಿನ ಫೀ ಏನೂ ಜಾಸ್ತಿ ಇಲ್ಲ ಮೇಷ್ಟ್ರೇ. ಬೋರ್ಡ್ ಹಾಕಿದ್ದಾರೆ. ಖರ್ಚೆಲ್ಲ ಬೋರ್ಡಿನಲ್ಲಿ ಇಲ್ಲದ್ದಕ್ಕೆ. ಊರಿಗೆ ಬಸ್ಸು, ರಾತ್ರಿಗೆ ಲಾಡ್ಜು. ಅರ್ಜಿ ಬರೆದುಕೊಡುವವನು ಬೇರೆ. ರೆಕಾರ್ಡ್ ರೂಮಿನಲ್ಲಿ ಮೇಲಿನ ಗಂಟು ಇಳಿಸಿದವನಿಗೆ ಕಾಫಿ. ಧೂಳು ಹೊಡೆದವನಿಗೆ ತಿಂಡಿ. ಮತ್ತೆ ಮೇಲಕ್ಕೆ ಹಾಕಿದವನಿಗೆ ಊಟ, ಯಾಕಂದರೆ ಅಷ್ಟು ಹೊತ್ತಿಗೆ ಒಂದು ಗಂಟೆ ಆಗಿತ್ತು. ಕೈಬರಹದ ಪಹಣಿಗೆ ಒಂದು ಅರ್ಜಿ, ಮ್ಯುಟೇಷನ್‌ಗೆ ಒಂದು ಅರ್ಜಿ. ಆಸ್ತಿಯ ಋಣಭಾರ ಪತ್ರ, ಅದೇ ಇ.ಸಿ., ತೆಗೆಸೋಣ ಅಂದರೆ ಮೊದಲ ವರ್ಷಕ್ಕೆ ಒಂದು ರೇಟು, ಅಲ್ಲಿಂದ ಹಿಂದಕ್ಕೆ ಹೋದಂತೆಲ್ಲ ವರ್ಷಕ್ಕೆ ಇಷ್ಟು ಅಂತ ಸೇರಿಸುತ್ತ ಹೋಗುತ್ತಾರೆ."

"ಅಂದರೆ ತಾತನ ತನಕ ಮೀಟರ್ ಚಾರ್ಜು, ಮುತ್ತಾತನಿಗೆ ಒನ್ ಅಂಡ್ ಹಾಫ್" ಅಂದ ನಾಣಿ.

"ನಾಡಕಚೇರಿಯಲ್ಲಿ ವಂಶವೃಕ್ಷ ಪ್ರಮಾಣಪತ್ರ ಅಂತಲೇ ಕೊಡುತ್ತಾರಲ್ಲ?"

"ಅದು ಪೌತಿ ಖಾತೆಗೆ ಮೇಷ್ಟ್ರೇ, ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ. ಸತ್ತವರಿಂದ ಕೆಳಕ್ಕೆ ಬರೆಯುತ್ತಾರೆ. ನನಗೆ ಬೇಕಾದ್ದು ಮೇಲಕ್ಕೆ."

"ಸರ್ಕಾರಿ ಮರದಲ್ಲಿ ಬರೀ ಕೊಂಬೆ. ಬೇರು ಬೇಕಾದರೆ ನೀವೇ ಅಗೆದುಕೊಳ್ಳಿ" ಅಂದ ನಾಣಿ. "ಇರಲಿ, ಇಷ್ಟೆಲ್ಲ ಆಗಿ ಏನು ಸಿಕ್ಕಿತು?"

ಶೇಷಣ್ಣ ಫೈಲು ಬಿಚ್ಚಿದ. ಪ್ಲಾಸ್ಟಿಕ್ ಕವರಿನೊಳಗೆ ಒಂದೇ ಹಾಳೆ. ನಾಣಿ ಕೈ ಒರೆಸಿಕೊಂಡು ಅದನ್ನು ಬೆಳಕಿಗೆ ಹಿಡಿದ. ಸದರಿ ಹೆಸರಿನ ಜನನದ ದಾಖಲೆ ಕಚೇರಿಯಲ್ಲಿ ಲಭ್ಯವಿರುವುದಿಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ. ಕೆಳಗೆ ನೇರಳೆ ಬಣ್ಣದ ದುಂಡು ಸೀಲು, ಅದರ ಅರ್ಧ ಸಹಿಯ ಮೇಲೆ ಬಿದ್ದಿತ್ತು.

"ಸೀಲು ಇದೆ. ಸಹಿ ಇದೆ. ತಾರೀಖು ಇದೆ. ಮುತ್ತಾತ ಒಬ್ಬ ಬಿಟ್ಟು ಎಲ್ಲ ಇದೆ" ಅಂದ ನಾಣಿ. "ಇಲ್ಲ ಅಂತ ಹೇಳಿಸಿಕೊಳ್ಳುವುದಕ್ಕೂ ದುಡ್ಡು ಕೊಟ್ಟು ಬಂದೆಯಾ? ನಮ್ಮ ಮನೆಗೆ ಬಂದಿದ್ದರೆ ನಾನೇ ಹೇಳುತ್ತಿದ್ದೆ, ಬಿಟ್ಟಿಯಾಗಿ. ಈ ಕಾಗದ ಜೋಪಾನ ಕಣಯ್ಯ. ನಾಳೆ ಯಾರಾದರೂ ಇದರ ಮೇಲೆ ನೀನು ಹುಟ್ಟಿದ್ದಕ್ಕೂ ತಕರಾರು ಅರ್ಜಿ ಹಾಕಬಹುದು."

ಮೇಷ್ಟ್ರಿಗೆ ಪಾಠ ಹೇಳುವ ಅವಕಾಶ ಸಿಕ್ಕಿತು. ದೇಶಕ್ಕೆಲ್ಲ ಒಂದೇ ಜನನ ಮರಣ ನೋಂದಣಿ ಕಾಯ್ದೆ ಆದದ್ದು 1969ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯ ಹುಟ್ಟು ಸಾವು ಪಟೇಲನ ಪುಸ್ತಕದಲ್ಲಿ, ಹೊಲ ಗದ್ದೆ ಶಾನುಭೋಗನ ಲೆಕ್ಕದಲ್ಲಿ. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ವಂಶಪಾರಂಪರ್ಯದ ಕೆಲಸಗಳೇ ಹೋದವು. ಪುಸ್ತಕಗಳು ಕೆಲವು ತಾಲ್ಲೂಕಿಗೆ ಹೋದವು, ಕೆಲವು ಅಟ್ಟ ಸೇರಿದವು.

"ಇನ್ನು ಕೆಲವು ಕಡಲೆಕಾಯಿ ಕಟ್ಟಿದವು" ಅಂದ ನಾಣಿ. "ನಮ್ಮ ಮುತ್ತಾತನನ್ನು ನಾವೇ ಜಾತ್ರೆಯಲ್ಲಿ ಬಿಡಿಸಿ ತಿಂದು, ಕೈ ಒರೆಸಿ ಎಸೆದಿರಬಹುದು."

"ಲಂಡನ್ನಿನಲ್ಲಿ ಹೀಗಿಲ್ಲ" ಅಂದ ಶೇಷಣ್ಣ. ಅವನ ಮಗ ಅಲ್ಲಿದ್ದಾನೆ, ಆದ್ದರಿಂದ ಅಲ್ಲಿ ಯಾವುದೂ ಹೀಗಿಲ್ಲ. "ಕಂಪ್ಯೂಟರಿನಲ್ಲಿ ಹೆಸರು ಹುಡುಕಿ, ಹನ್ನೆರಡೂವರೆ ಪೌಂಡ್ ಕಟ್ಟಿದರೆ ಮುತ್ತಾತನ ಸರ್ಟಿಫಿಕೇಟು ಅಂಚೆಯಲ್ಲಿ ಮನೆಗೆ ಬರುತ್ತದೆ."

"ಅಂದರೆ ತಲೆಗೆ ಸಾವಿರದ ಮುನ್ನೂರರ ಮೇಲಾಯಿತು." ನಾಣಿ ಪೇಪರ್ ನ್ಯಾಪ್ಕಿನ್ನಿನ ಮೇಲೆ ಲೆಕ್ಕ ಶುರು ಮಾಡಿದ. "ನಿನಗೆ ಅಪ್ಪ ಅಮ್ಮ ಎರಡು. ಅಜ್ಜ ಅಜ್ಜಿ ನಾಲ್ಕು. ಮುತ್ತಜ್ಜ ಮುತ್ತಜ್ಜಿ ಎಂಟು. ಹೀಗೇ ಹತ್ತು ತಲೆಮಾರು ಹೋದರೆ ಒಟ್ಟು ಎರಡು ಸಾವಿರದ ನಲವತ್ತಾರು ಜನ. ಇಪ್ಪತ್ತಾರೂವರೆ ಲಕ್ಷ. ಸೈಟು ಮಾರಬೇಕು ಕಣೋ."

"ಅಲ್ಲಿ ನೋಂದಣಿ ಶುರುವಾಗಿದ್ದೇ 1837ರ ಜುಲೈನಲ್ಲಿ" ಅಂದರು ಮೇಷ್ಟ್ರು. "ಹತ್ತು ತಲೆಮಾರು ಸಿಗುವುದಿಲ್ಲ."

"ಸೈಟು ಉಳಿಯಿತು ಬಿಡಿ."

"ಅಲ್ಲಿ ಜನಗಣತಿ ಹಾಳೆ ಕೂಡ ನೂರು ವರ್ಷ ತುಂಬಿದ ಮೇಲೆ ಬಿಡುತ್ತಾರೆ ಗೊತ್ತಾ?" ಅಂದ ಶೇಷಣ್ಣ. " 1921ರದ್ದು 2022ರ ಜನವರಿಯಲ್ಲಿ ಬಿಟ್ಟರು. ಶುರುವಿನಲ್ಲಿ ಒಂದೊಂದು ಹಾಳೆಗೆ ಮೂರೂವರೆ ಪೌಂಡ್. ನಮ್ಮಲ್ಲಿ ಯಾವಾಗ?"

"ನಮ್ಮಲ್ಲಿ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಯಾರೂ ನೋಡುವ ಹಾಗಿಲ್ಲ" ಅಂದರು ಮೇಷ್ಟ್ರು.

"ಅದೊಂದೇ ನೋಡಿ ನಮ್ಮ ದೇಶದಲ್ಲಿ ಖರ್ಚಿಲ್ಲದ್ದು."

ಆರ್‌ಟಿಐ ಹಾಕು ಅಂತ ಒಂದು ಸಲಹೆ ಬಂತು. ಹತ್ತು ರೂಪಾಯಿ ಅರ್ಜಿ, ಪುಟಕ್ಕೆ ಎರಡು ರೂಪಾಯಿ. ಇದಕ್ಕಿಂತ ಅಗ್ಗದ ಮುತ್ತಾತ ಎಲ್ಲಿ ಸಿಗುತ್ತಾನೆ? ಆದರೆ ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. "ಇವನಿಂದಾಗುವ ಕೆಲಸವಾ ಅದು?" ಅಂದ ನಾಣಿ. "150 ಪದಕ್ಕೆ ಇವನು ಇನ್ನೂ ಊರಿನ ಬಸ್ ಸ್ಟ್ಯಾಂಡ್ ದಾಟಿರುವುದಿಲ್ಲ."

ಶೇಷಣ್ಣನ ಸೊಸೆ ಡಿಎನ್ಎ ಕಿಟ್ ತರಿಸಿಕೊಡುತ್ತೇನೆ ಅಂದಿದ್ದಾಳಂತೆ. ನಳಿಕೆಯಲ್ಲಿ ಉಗುಳಿ ಕಳಿಸಿದರೆ ಮೂಲ ಹೇಳುತ್ತಾರೆ. ನಾಣಿಗೆ ಇದು ಸರಿಹೋಗಲಿಲ್ಲ. ಬೀದಿಯಲ್ಲಿ ಉಗುಳಿದರೆ ದಂಡ, ಮನೆಯಲ್ಲಿ ಉಗುಳಿದರೆ ಹೆಂಡತಿ ಬೈಯುತ್ತಾಳೆ, ಈಗ ನಾವೇ ದುಡ್ಡು ಕೊಟ್ಟು ಅಮೆರಿಕಕ್ಕೆ ಉಗುಳುವುದಾ? ಅದೂ ಅಂಥ ದೊಡ್ಡ ಕಂಪನಿ 23ಆಂಡ್‌ಮಿ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. "ಅಷ್ಟು ಜನರ ವಂಶ ಬಲ್ಲವನಿಗೆ ತನ್ನ ಭವಿಷ್ಯ ಗೊತ್ತಾಗಲಿಲ್ಲ."

ಅಷ್ಟು ಹೊತ್ತಿಗೆ ಪಾಟೀಲರ ವಡೆ ಮುಗಿದಿತ್ತು. "ನಮ್ಮ ಬೆಳಗಾವಿ ಕಡೆ ಹಳೇ ಕಾಗದವೆಲ್ಲ ಮೋಡಿಯಲ್ಲಿ, ಅಂದರೆ ಮರಾಠಿಯ ಹಳೇ ಲಿಪಿಯಲ್ಲಿ ಇರುತ್ತವೆ ರೀ. ಓದುವವರೇ ಕಮ್ಮಿ, ಅವರಿಗೆ ಬೇರೆ ಕೊಡಬೇಕು. ಒಂದು ಓದಿಸಿದೆ. ಭಾಳ ಆಸೆ ಇತ್ತು. ನಮ್ಮ ಅಜ್ಜನ ಅಪ್ಪ ಎಮ್ಮೆಗೆ ಅಂತ ಸಾಲ ತಗೊಂಡಿದ್ದ ಪತ್ರ ಅದು. ಎಮ್ಮೆಯ ಬಣ್ಣ, ಕೊಂಬು, ಸುಳಿ ಎಲ್ಲಾ ಬರೆದಿದ್ದಾರೆ. ಅಜ್ಜನ ಬಗ್ಗೆ ಹೆಸರು ಬಿಟ್ಟರೆ ಏನೂ ಇಲ್ಲ."

"ಸರಿಯಾಗಿಯೇ ಇದೆ" ಅಂದ ನಾಣಿ. "ಓಡಿಹೋದರೆ ಹುಡುಕಬೇಕಾದ್ದು ಎಮ್ಮೆಯನ್ನು ತಾನೇ? ನೋಡಿ ಪಾಟೀಲರೇ, ನಮ್ಮಂಥವರ ಹಿರಿಯರು ಕಾಗದದಲ್ಲಿ ಸಿಗುವುದೇ ದುಡ್ಡು ಕಟ್ಟಿದ ಕಡೆ, ಇಲ್ಲ ಕಟ್ಟಲಾಗದ ಕಡೆ. ಕಂದಾಯ, ಬಾಕಿ, ಅಡಮಾನ, ಜಪ್ತಿ. ಬೆಳೆ ಚೆನ್ನಾಗಿ ಬಂದು, ಯಾರಿಗೂ ಏನೂ ಕೊಡುವುದಿಲ್ಲದೆ, ಜಗುಲಿಯ ಮೇಲೆ ಮಲಗಿದ್ದ ವರ್ಷದಲ್ಲಿ ಅವನ ಹೆಸರು ಯಾರು ಬರೆದುಕೊಂಡರು? ಆಗ ಹೆಸರು ಹತ್ತಿಸಲು ಅವನು ಕಟ್ಟಿದ. ಈಗ ಆ ಹೆಸರು ನೋಡಲು ನಾವು ಕಟ್ಟುತ್ತಿದ್ದೇವೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೇಷ್ಟ್ರು ಆ ನ್ಯಾಪ್ಕಿನ್ ಎಳೆದುಕೊಂಡು, "ಈ ಎಂಟರಲ್ಲಿ ನಾಲ್ಕು ಹೆಂಗಸರು ಅಲ್ವಾ? ಅವರ ರೇಟು ಎಷ್ಟು?" ಅಂದರು.

ಶೇಷಣ್ಣನ ಫೈಲಿನಲ್ಲಿ ಅವರು ಇರಲೇ ಇಲ್ಲ. ಹೊಲ ಅವರ ಹೆಸರಿಗಿರಲಿಲ್ಲ, ಸಾಲ ಅವರಿಗೆ ಯಾರೂ ಕೊಡಲಿಲ್ಲ, ಮದುವೆಗೆ ರಿಜಿಸ್ಟರ್ ಇರಲಿಲ್ಲ. ಒಬ್ಬ ಮುತ್ತಜ್ಜಿಯಂತೂ ಗಂಡ ಸತ್ತು ಖಾತೆ ಬದಲಾದ ಒಂದು ಸಾಲಿನಲ್ಲಿ "ಸದರಿಯವರ ಹೆಂಡತಿ" ಅಂತ ಬಂದು ಹೋಗಿದ್ದಳು.

"ಪಾತ್ರೆ ನೋಡಿದೆಯಾ?" ಅಂದ ನಾಣಿ. "ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಪಾತ್ರೆಯ ಕಂಠದ ಮೇಲೆ ಹೆಸರು ಹಾಕಿಸುತ್ತಿದ್ದರಲ್ಲ. ಅಂಗಡಿಯವನು ಉಳಿ ಇಟ್ಟು ಚುಕ್ಕಿ ಚುಕ್ಕಿಯಾಗಿ ಕುಟ್ಟುತ್ತಿದ್ದ. ಜಾಗ ಸಾಲದೆ ಕೊನೆಯ ಅಕ್ಷರ ಕೆಳಗೆ ಜಾರಿರುತ್ತಿತ್ತು. ಹೆಂಗಸರ ಹೆಸರು ಇದ್ದರೆ ಅಲ್ಲೇ."

"ನಮ್ಮ ಮನೆಯಲ್ಲಿ ಒಂದು ದೊಡ್ಡ ಹಂಡೆ ಇತ್ತು" ಅಂದ ಶೇಷಣ್ಣ. "ಅಮ್ಮನ ಅಜ್ಜಿಯದ್ದು. ಗೀಸರ್ ಹಾಕಿಸಿದಾಗ ಕೊಟ್ಟುಬಿಟ್ಟೆವು."

"ಏನು ಹೆಸರಿತ್ತು?"

"ಹೆಸರು ನೋಡಲಿಲ್ಲ. ತೂಕ ನೋಡಿದೆ."

ನಾಣಿಗೂ ಇದಕ್ಕೆ ಜೋಡಿಸಲು ಏನೂ ಸಿಗಲಿಲ್ಲ. ಹಂಡೆಯ ಮಾತು ತಪ್ಪಿಸಲೋ ಏನೋ, ಪಾಟೀಲರು ಮನೆಮನೆಗೆ ಬಂದು ವಂಶಾವಳಿ ಹೇಳುವ ತಮ್ಮ ಹೆಳವನ ಕಥೆ ತೆಗೆದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬರುತ್ತಿದ್ದ. ಬಾಗಿಲಲ್ಲಿ ನಿಂತು ಮೂಲಪುರುಷನಿಂದ ಶುರು ಮಾಡಿ, ಯಾವ ಊರು ಬಿಟ್ಟರು, ಎಲ್ಲಿ ಬಂದು ನೆಲೆ ನಿಂತರು, ಯಾರಿಗೆ ಎಷ್ಟು ಮಕ್ಕಳು ಅಂತ ಒಂದೇ ಉಸಿರಿಗೆ ಹೇಳುತ್ತಿದ್ದ. ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಬರೆದುಕೊಂಡು ಹೋಗುತ್ತಿದ್ದ. ಅರ್ಜಿ ಇಲ್ಲ, ಸೀಲು ಇಲ್ಲ, ಒಂದು ಗಂಟೆಗೆ ಊಟಕ್ಕೆ ಏಳುವುದಿಲ್ಲ. ಈಗ ಮಗ ಬರುತ್ತಾನಂತೆ, ಬೈಕಿನಲ್ಲಿ.

"ಅವನ ಫೀ ಎಷ್ಟು ರೀ?" ಶೇಷಣ್ಣನ ಮುಖ ಅರಳಿತು.

"ಹಂಗೆಲ್ಲ ಕೇಳಬಾರದು. ಜೋಳ ಕೊಡುತ್ತಿದ್ದರು, ಬಟ್ಟೆ, ದುಡ್ಡು, ಅನುಕೂಲ ಇದ್ದವರು ಹಸು ಕರು. ನಮ್ಮ ಮುತ್ತಜ್ಜ ಒಂದು ಹೋರಿ ಕೊಟ್ಟಿದ್ದನಂತೆ. ಈಗಲೂ ಮೊದಲು ಅದನ್ನೇ ಹೊಗಳುತ್ತಾನೆ. ಅದನ್ನು ಕೇಳಿ ಆದಮೇಲೆ ನಾವು ನೂರು ರೂಪಾಯಿ ಕೊಡೋದು ಹೆಂಗ?"

"ಅದಕ್ಕೇ ನೋಡು, ರೇಟು ಬೋರ್ಡಿನಲ್ಲಿ ಹಾಕುವುದಲ್ಲ, ಮುತ್ತಾತನ ಬಾಯಲ್ಲೇ ಹೇಳಿಸುವುದು" ಅಂದ ನಾಣಿ.

"ಪಾಟೀಲರೇ, ನಿಮ್ಮ ಹೆಳವನಿಗೆ ಹೇಳಿ ನಮ್ಮ ಮನೆತನವನ್ನೂ ಸೇರಿಸಿಕೊಳ್ಳಿ."

"ಅವರವರ ಒಕ್ಕಲು ಅವರವರಿಗೆ ರೀ ಶೇಷಣ್ಣಾರೆ. ನಮ್ಮ ಪುಸ್ತಕದಲ್ಲಿ ಬರೆಸಿದರೆ ನೀವು ನಮ್ಮ ಅಣ್ಣತಮ್ಮಂದಿರು ಆಗುತ್ತೀರಿ. ಆಸ್ತಿ ಜಗಳದಲ್ಲಿ ಕೋರ್ಟಿಗೆ ಅದೇ ಪುಸ್ತಕ ಹಿಡಿದುಕೊಂಡು ಹೋಗುವವರಿದ್ದಾರೆ. ನಾಳೆ ಪಾಲು ಕೇಳಬಾರದು ಮತ್ತ."

ಶೇಷಣ್ಣ ಜೇಬಿನಿಂದ ಪೆನ್ನು ತೆಗೆದ. "ಹೊಲ ಎಷ್ಟು ಎಕರೆ ಅಂದಿರಿ?"