ಮ್ಯೂಸಿಯಂನಲ್ಲಿ ಕಾಲಿಗೆ ಪಟ್ಟಿ ಕಟ್ಟಿದ ಗೂಬೆ. ಇದು ಸಂರಕ್ಷಣೆ ಹೇಗೆ?

ಮಳೆಹಕ್ಕಿ:
ಮಕ್ಕಳ ಜೊತೆ ನಿಸರ್ಗ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲೊಬ್ಬರು ದಪ್ಪ ಚರ್ಮದ ಕೈಗವಸು ಹಾಕಿಕೊಂಡು ಗೂಬೆಯನ್ನು ಕೂರಿಸಿಕೊಂಡಿದ್ದರು, ಹಾರಿಹೋಗದ ಹಾಗೆ ಅದರ ಕಾಲಿಗೆ ಪಟ್ಟಿ. ಮಕ್ಕಳಿಗೆ ಖುಷಿಯೋ ಖುಷಿ, ನನಗೆ ಯಾಕೋ ಕಸಿವಿಸಿ. ಪಕ್ಕದ ಕೋಣೆಯಲ್ಲಿ ಡ್ರಾಯರ್ ತುಂಬ ಗಿಡುಗ, ಹದ್ದುಗಳ ಖಾಲಿ ಮೊಟ್ಟೆ ಬೇರೆ. ಹಕ್ಕಿ ಉಳಿಸುತ್ತೇವೆ ಅನ್ನುವವರಿಗೆ ಇದೆಲ್ಲ ಯಾಕೆ ಬೇಕು?

ಗರಿಗುಚ್ಛ:
ಇಂಥ ಕಡೆ ಎರಡು ವರ್ಷ ಸ್ವಯಂಸೇವಕಿಯಾಗಿದ್ದೆ. ನೀವು ನೋಡಿದ ಗೂಬೆಯ ಕಥೆ ಗೊತ್ತಿಲ್ಲ, ಆದರೆ ನಮ್ಮಲ್ಲಿದ್ದವೆಲ್ಲ ವಾಪಸ್ ಬಿಡಲಾಗದವು. ಒಂದಕ್ಕೆ ಕಾರು ಬಡಿದು ರೆಕ್ಕೆ ಮುರಿದಿತ್ತು. ಇನ್ನೊಂದನ್ನು ಯಾರೋ ಮರಿಯಿದ್ದಾಗಲೇ ಮನೆಗೆ ತಂದು ಮುದ್ದಿನಿಂದ ಸಾಕಿದ್ದರು, ಅದು ಮನುಷ್ಯರನ್ನೇ ತನ್ನ ಜಾತಿ ಅಂದುಕೊಂಡಿತ್ತು. ರೆಕ್ಕೆ ಸರಿಯಿದ್ದರೂ ಅಂಥದ್ದು ಹೊರಗೆ ಬದುಕುವುದು ಕಷ್ಟ. ಹಾಗಾಗಿ ನೆಲದ ಮೇಲೆ ಮರಿ ಕಂಡರೆ ದಯವಿಟ್ಟು ಸುಮ್ನೆ ಎತ್ತಿಕೊಂಡು ಬರಬೇಡಿ. ಎಷ್ಟೋ ಸಲ ತಾಯಿ ಹತ್ತಿರದಲ್ಲೇ ಇರುತ್ತದೆ.

ಹಳೇಡ್ರಾಯರ್:
ಮೊಟ್ಟೆಯ ವಿಷಯಕ್ಕೆ ಬರುತ್ತೇನೆ, ನನಗೆ ಅದೇ ಜಾಸ್ತಿ ಇಷ್ಟ. ಪೆರೆಗ್ರಿನ್ ಡೇಗೆ ಗೊತ್ತಲ್ವಾ, ಬೇಟೆಯ ಮೇಲೆ ಎರಗುವಾಗ ಗಂಟೆಗೆ 300 ಕಿ.ಮೀ. ದಾಟುವ ಹಕ್ಕಿ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಅದರ ಗೂಡುಗಳಲ್ಲಿ ಮೊಟ್ಟೆ ಒಡೆದುಹೋಗತೊಡಗಿದವು. ಡೆರೆಕ್ ರಾಟ್‌ಕ್ಲಿಫ್ ಅನ್ನುವ ಸಂಶೋಧಕರು ಸಂಗ್ರಹಗಳಲ್ಲಿದ್ದ ಹಳೆಯ ಮೊಟ್ಟೆಗಳನ್ನು ಅಳೆದು, ತೂಗಿ, ಹೊಸವುಗಳ ಜೊತೆ ಹೋಲಿಸಿ, 1967ರಲ್ಲಿ ಪ್ರಕಟಿಸಿದರು: 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗಿದೆ. ಡಿಡಿಟಿ ಅನ್ನುವ ಕೀಟನಾಶಕದ ಬಳಕೆ ಹಬ್ಬಿದ್ದೂ ಅದೇ ಹೊತ್ತಿಗೆ. ಹುಳುವಿನಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಡೇಗೆಗೆ ವಿಷ ಸೇರುತ್ತಾ ಹೋಗಿ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ತಪ್ಪಿಹೋಗುತ್ತಿತ್ತು. ಕಾವಿಗೆ ಕೂತರೆ ತಾಯಿಯ ಭಾರಕ್ಕೇ ಮೊಟ್ಟೆ ಪುಡಿ! 1972ರಲ್ಲಿ ಅಮೆರಿಕ ಡಿಡಿಟಿಯ ಬಹುತೇಕ ಬಳಕೆ ನಿಲ್ಲಿಸಿತು, 1999ರಲ್ಲಿ ಪೆರೆಗ್ರಿನ್ ಅಲ್ಲಿನ ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ಹೊರಬಂತು. ಆ ಮೊಟ್ಟೆ ಕೂಡಿಟ್ಟವರಲ್ಲಿ ಎಷ್ಟೋ ಜನ ಬರೀ ಶೋಕಿಗೆ ಗೂಡು ದೋಚಿದವರು, ಅದು ಬೇರೆ ಮಾತು.

ಒಣಕೊಂಬೆ:
ಮೊಟ್ಟೆಯದ್ದು ಒಪ್ಪಿದೆ. ಆದರೆ ಜೀವಂತ ಗೂಬೆಯನ್ನು ಹಗಲು ಹೊತ್ತು ಗದ್ದಲದಲ್ಲಿ ಕೂರಿಸಿ ಸೆಲ್ಫಿಗೆ ಕೊಟ್ಟರೆ ನಾನಂತೂ ಸಂರಕ್ಷಣೆ ಅನ್ನಲ್ಲ. ಮುಟ್ಟಲು ಬಿಡುತ್ತಿದ್ದರಾ? ಆಗಾಗ ಒಳಗೆ ಒಯ್ದು ವಿಶ್ರಾಂತಿ ಕೊಡುತ್ತಿದ್ದರಾ?

ಮಳೆಹಕ್ಕಿ:
ಮುಟ್ಟಲು ಬಿಡಲಿಲ್ಲ, ಹತ್ತು ನಿಮಿಷಕ್ಕೆ ಒಳಗೆ ಕರೆದುಕೊಂಡು ಹೋದರು. ಅದರ ಕಥೆ ಏನು ಅಂತ ಕೇಳಬೇಕಿತ್ತು, ಹೊಳೆಯಲೇ ಇಲ್ಲ. ಮುಂದಿನ ಸಲ ಮೊದಲು ಡ್ರಾಯರ್ ಕೋಣೆಗೆ ಹೋಗುತ್ತೇನೆ.